ಎಕ್ಸ್-ರೇ ಸರಿಯಿದೆ, ಮಣಿಕಟ್ಟು ನೋವು ಹೋಗಿಲ್ಲ

ಪ್ರಶ್ನೆ: ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಮರದಿಂದ ಇಳಿಯುವಾಗ ಜಾರಿ, ಅಂಗೈ ಊರಿ ಬಿದ್ದರು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ವಾರವಾದರೂ ಹೆಬ್ಬೆರಳ ಬುಡದಲ್ಲಿ ನೋವಿದೆ. ಎಂಆರ್‌ಐ ಬೇಕೇ? ಮೊಣಕೈಯದ್ದೂ ಒಟ್ಟಿಗೇ ಆಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಮಣಿಕಟ್ಟಿಗೆ ಬೇಕು. ಹೆಬ್ಬೆರಳು ಚಾಚಿದಾಗ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಾಗುತ್ತದೆಯೇ? ಹಾಗಿದ್ದರೆ ಗೋಡಂಬಿಯಷ್ಟು ಚಿಕ್ಕ ಸ್ಕೇಫಾಯ್ಡ್ ಮೂಳೆಯ ಮೇಲೆ ಅನುಮಾನ. ಅದರ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣದೇ ಹೋಗುವುದು ಸಾಮಾನ್ಯ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಬರುತ್ತದೆ. ನಡುವೆ ಮುರಿದರೆ ತೋಳಿನ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು. ಹಾಗಾಗಿ ವರದಿ ಬರುವವರೆಗೆ ಮಣಿಕಟ್ಟು ಅಲುಗದಂತೆ ಕಟ್ಟಿದ ಪಟ್ಟಿ ಬಿಚ್ಚಿ ಮರ ಹತ್ತಿಸಬೇಡಿ.

ಎಂಆರ್‌ಐನಲ್ಲಿ ಕೊಬ್ಬಿನ ಹೊಳಪು ಅಡಗಿಸಿದ ಚಿತ್ರಗಳಲ್ಲಿ ಮೂಳೆಯೊಳಗಿನ ಮಜ್ಜೆಯ ಬಾವು ಬಿಳಿಯಾಗಿ, ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ. ಕಿರುಬೆರಳ ಕಡೆಯ ಮೃದ್ವಸ್ಥಿ, ಮೂಳೆಗಳನ್ನು ಬಿಗಿದಿಡುವ ಕಟ್ಟುಗಳೂ (ಲಿಗಮೆಂಟ್) ಕಾಣಸಿಗುತ್ತವೆ. ಮಣಿಕಟ್ಟಿನದೇ ಕಾಯಿಲ್ (ಕೈಗೆ ತೊಡಿಸಿ ಸಂಕೇತ ಹಿಡಿಯುವ ಸಾಧನ) ಇದೆಯೇ, ಚಿತ್ರದ ಒಂದೊಂದು ಪದರದ ದಪ್ಪ 2–3 ಮಿ.ಮೀ. ಮೀರುವುದಿಲ್ಲವೇ ಎಂದು ಮೊದಲೇ ಕೇಳಿ.

ಚಿತ್ರ ಕೆಡುವುದು ಹೆಚ್ಚಾಗಿ ಅಲುಗಾಟದಿಂದ. ಬೋರಲು ಮಲಗಿ ಕೈಯನ್ನು ತಲೆಯ ಮೇಲೆ ಚಾಚಿ ಸುಮಾರು ಅರ್ಧ ಗಂಟೆ ಇರಬೇಕು. ಭುಜ ನೋಯುವವರು ಕೈಯನ್ನು ಪಕ್ಕದಲ್ಲಿಡುವ ಭಂಗಿ ಕೇಳಬಹುದು. ಉಂಗುರದ ಜೊತೆ ಬೆಳ್ಳಿ ಉಡಿದಾರವನ್ನೂ ತೆಗೆಸಿ, ಅದು ಮರೆತೇ ಹೋಗುತ್ತದೆ. ಪೇಸ್‌ಮೇಕರ್ ಅಥವಾ ಕಣ್ಣಿಗೆ ಹಿಂದೆ ಲೋಹದ ಚೂರು ಸಿಡಿದದ್ದಿದ್ದರೆ ಮುಂಚೆ ಹೇಳಲೇಬೇಕು.

ಮೊಣಕೈಯದ್ದು ಬೇರೆ ಕಾಯಿಲ್, ಬೇರೆ ಸ್ಕ್ಯಾನ್, ಬೇರೆ ಹಣ. ಕೈ ಪೂರ್ತಿ ಮಡಚಿ ನೀಡಲು ಬಂದರೆ, ಊತವಿಲ್ಲದಿದ್ದರೆ ಸದ್ಯಕ್ಕೆ ಬಿಡಿ.