ಮೈಕ್ರೋಪ್ಲಾಸ್ಟಿಕ್ ನಿಜಕ್ಕೂ ಅಷ್ಟು ಅಪಾಯಕಾರಿಯೇ? ತಡೆಯಲು ಏನು ಮಾಡಬಹುದು?

5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳೆಲ್ಲ ಮೈಕ್ರೋಪ್ಲಾಸ್ಟಿಕ್. ಬಿಸಾಡಿದ ಬಾಟಲಿ, ಕವರುಗಳು ಬಿಸಿಲಿಗೆ ಪುಡಿಯಾಗಿ ಇವು ಹುಟ್ಟುತ್ತವೆ ಎಂದಷ್ಟೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಪಾಲಿಯೆಸ್ಟರ್ ಬಟ್ಟೆ ಒಗೆದಾಗಲೂ ಅಸಂಖ್ಯ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಸವೆದ ಟೈರಿನ ಪುಡಿಯೂ ಇದೇ ಗುಂಪಿನದು. ಟೈರ್ ಬಾಳಿಕೆ ಬರಲೆಂದು ಬೆರೆಸುವ ಒಂದು ರಾಸಾಯನಿಕ ಓಝೋನ್ ತಾಗಿ ವಿಷವಾಗುತ್ತದೆ. ಅಮೆರಿಕದ ವಾಯವ್ಯ ಭಾಗದ ತೊರೆಗಳಲ್ಲಿ, ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದುದಕ್ಕೆ ಇದೇ ಕಾರಣವೆಂದು 2020ರಲ್ಲಿ ಪತ್ತೆಯಾಯಿತು.

ಮನುಷ್ಯರ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳಿರುವುದು 2022ರಲ್ಲಿ ವರದಿಯಾಯಿತು. ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು 2024ರ ಇಟಲಿಯ ಅಧ್ಯಯನ. ಕತ್ತಿನ ರಕ್ತನಾಳದಿಂದ ಹೊರತೆಗೆದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಇದ್ದವರಿಗೆ, ಇಲ್ಲದವರಿಗಿಂತ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು 4.5 ಪಟ್ಟು ಹೆಚ್ಚಿತ್ತು. ಇದು ನಂಟನ್ನು ತೋರಿಸುತ್ತದೆ, ಪ್ಲಾಸ್ಟಿಕ್ಕೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಹಾಗೆಂದು ಪೂರ್ತಿ ಸಾಬೀತಾಗುವವರೆಗೆ ಕೈಕಟ್ಟಿ ಕೂರುವುದು ಸರಿಯಲ್ಲ.

ಬಿಸಿ ಆಹಾರವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಬೇಡಿ, ಮೈಕ್ರೋವೇವ್‌ನಲ್ಲಂತೂ ಇಡಲೇಬೇಡಿ. ಗಡಸು ನೀರಾದರೆ ಕುದಿಸಿ, ಆರಿಸಿ, ಸೋಸಿ ಕುಡಿಯಿರಿ. ಸುಣ್ಣದಂಶ ಗಟ್ಟಿಯಾಗುವಾಗ ಕಣಗಳೂ ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಬಟ್ಟೆಯನ್ನು ತಣ್ಣೀರಿನಲ್ಲಿ, ಮೆಷಿನ್ ತುಂಬುವಷ್ಟು ಸೇರಿಸಿ ಒಗೆದರೆ ಎಳೆ ಕಡಿಮೆ ಉದುರುತ್ತದೆ.

ಇಷ್ಟರಿಂದ ಸಮುದ್ರ ಶುದ್ಧವಾಗದು, ಒಮ್ಮೆ ಹರಡಿದ ಕಣಗಳನ್ನು ಹೆಕ್ಕಿ ತೆಗೆಯುವುದು ಅಸಾಧ್ಯವೆಂದೇ ಹೇಳಬೇಕು. ಉತ್ಪಾದನೆಯ ಹಂತದಲ್ಲೇ ಕಾನೂನು ಬೇಕು. ಫೇಸ್‌ವಾಶ್‌ನಂಥ ತೊಳೆದುಬಿಡುವ ಪ್ರಸಾಧನಗಳಲ್ಲಿನ ಪ್ಲಾಸ್ಟಿಕ್ ಮಣಿಗಳನ್ನು ಅಮೆರಿಕ 2015ರ ಕಾಯ್ದೆಯಿಂದ ನಿಷೇಧಿಸಿತು; ಟೈರ್ ಮತ್ತು ಬಟ್ಟೆಗೂ ಅಂಥದೇ ನಿಯಮ ಬರಬೇಕು.