ಕರೆಂಟು ಹೋಗುವ ಮೊದಲೇ ಕುಸಿಯುವ ಹರಿವು

ಪ್ರಶ್ನೆ: ಉಡುಪಿಯ ಒಂದು ಸಲಹಾ ಕಚೇರಿಗೆ ಹೊಸದಾಗಿ ಸೇರಿದ ಎಂಜಿನಿಯರ್ ನಾನು. ಹೊಳೆ ದಡದ ಪಂಪ್‌ಹೌಸಿನಿಂದ 50 ಮೀಟರ್ ಎತ್ತರದ ಗುಡ್ಡದ ಟ್ಯಾಂಕಿಗೆ 3.2 ಕಿ.ಮೀ. ಉದ್ದದ 350 ಮಿ.ಮೀ. ಡಕ್ಟೈಲ್ ಐರನ್ ಕೊಳವೆ ಇದೆ. ಸ್ಥಿರ ಹರಿವಿನ ಲೆಕ್ಕದಲ್ಲಿ ಪಂಪು ಸೆಕೆಂಡಿಗೆ 100 ಲೀಟರ್ ಕೊಡುತ್ತದೆ, ಹೆಡ್ (ನೀರಿನ ಎತ್ತರದಲ್ಲಿ ಹೇಳುವ ಒತ್ತಡ) 60 ಮೀಟರ್. ವಾಟರ್ ಹ್ಯಾಮರ್ (ಹರಿವು ಥಟ್ಟನೆ ಬದಲಾದಾಗ ಕೊಳವೆಯಲ್ಲಿ ಏಳುವ ಒತ್ತಡದ ಅಲೆ) ಲೆಕ್ಕಕ್ಕೆ ಹಾಕಿದರೆ ಮಾತ್ರ ಮೊದಲ ಕ್ಷಣದಿಂದಲೇ ಹರಿವು ತೂಗಾಡುತ್ತಾ 90ರ ಕಡೆಗೆ ಇಳಿಯುತ್ತದೆ. ಕರೆಂಟು ಹೋಗುವುದನ್ನು ನಾನು ಕೊಟ್ಟಿರುವುದು 30ನೇ ಸೆಕೆಂಡಿಗೆ! ಟೈಮ್ ಸ್ಟೆಪ್ (ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆ) ಕಿರಿದು ಮಾಡಿದರೂ ಪ್ರಯೋಜನವಾಗಲಿಲ್ಲ. ಸ್ಥಿರ ಲೆಕ್ಕಕ್ಕೆ ಕ್ಯಾಟಲಾಗಿನ ಕರ್ವ್ (ಯಾವ ಹರಿವಿಗೆ ಎಷ್ಟು ಹೆಡ್ ಎಂಬ ಗೆರೆ) ಬಳಸಿದ್ದೇನೆ. ಹ್ಯಾಮರ್ ಲೆಕ್ಕಕ್ಕೆ ನೇಮ್‌ಪ್ಲೇಟಿನಲ್ಲಿರುವಂತೆ 90 ಲೀಟರ್, 58 ಮೀಟರ್, 1480 ಸುತ್ತು ಕೊಟ್ಟು, ನಿರ್ದಿಷ್ಟ ವೇಗ (ಪಂಪಿನ ಬಗೆ ಹೇಳುವ ಸಂಖ್ಯೆ) 94ರ ಪಟ್ಟಿಯನ್ನು ಆರಿಸಿದ್ದೇನೆ.

ಉತ್ತರ: ಉತ್ತರವನ್ನು ನೀವೇ ಬರೆದು ಕಳುಹಿಸಿದ್ದೀರಿ, ಪತ್ರದ ಕೊನೆಯ ಎರಡು ವಾಕ್ಯಗಳಲ್ಲಿ. ಟೈಮ್ ಸ್ಟೆಪ್ಪನ್ನು ಬಿಟ್ಟುಬಿಡಿ, ಪಾಪ, ಅದರದೇನೂ ತಪ್ಪಿಲ್ಲ.

ಮೊದಲು ಕರೆಂಟು ಹೋಗುವುದನ್ನೇ ತೆಗೆದುಹಾಕಿ, ಏನೂ ಆಗದ ಒಂದು ನಿಮಿಷವನ್ನು ಓಡಿಸಿ ನೋಡಿ. ಹರಿವಿನ ಗೆರೆ ನೂಲು ಹಿಡಿದಂತೆ ನೇರವಾಗಿರಬೇಕು. ಮಂಗಳೂರಿನಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗರಿಗೆ ಈ ಗೆರೆ ತೋರಿಸದೆ ಮುಂದಿನ ಹಾಳೆ ತಿರುವಲು ನಾನು ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಬೈದಿರಲೂಬಹುದು. ನಿಮ್ಮ ಗೆರೆ ನೇರವಾಗಿರುವುದಿಲ್ಲ. ಏಕೆಂದರೆ ನೀವು ಕಂಪ್ಯೂಟರಿಗೆ ಎರಡು ಬೇರೆ ಬೇರೆ ಪಂಪುಗಳನ್ನು ಕೊಟ್ಟಿದ್ದೀರಿ. ಕ್ಯಾಟಲಾಗಿನ ಕರ್ವ್ ಪೂರ್ಣ ವ್ಯಾಸದ ಇಂಪೆಲ್ಲರಿನದು (ಪಂಪಿನೊಳಗೆ ತಿರುಗುವ ಚಕ್ರದ್ದು) ಇರಬೇಕು, ಸ್ಥಳದಲ್ಲಿ ಇರುವುದು ಅಂಚು ಕತ್ತರಿಸಿದ ಇಂಪೆಲ್ಲರ್ ಎಂದು ನನ್ನ ಗುಮಾನಿ. ಹ್ಯಾಮರ್ ಲೆಕ್ಕ ನೀವು ಕೊಟ್ಟ 90 ಮತ್ತು 58ನ್ನೇ ನೂರು ಪ್ರತಿಶತವೆಂದು ಹಿಡಿದು, ಪಂಪು ತಿರುಗುಮುರುಗಾಗಿ ತಿರುಗುವ ಸ್ಥಿತಿಯೂ ಸೇರಿದಂತೆ ನಾಲ್ಕೂ ಕಾಲುಭಾಗಗಳ (ಹರಿವು, ತಿರುಗು ಎರಡೂ ಹಿಂದೆ ಮುಂದೆ ಆಗುವ ಎಲ್ಲ ಸ್ಥಿತಿಗಳ) ಕರ್ವನ್ನು ಅದರಿಂದ ಹಿಗ್ಗಿಸಿಕೊಳ್ಳುತ್ತದೆ. 90 ಲೀಟರ್ ಹರಿದರೆ ನಿಮ್ಮ ಕೊಳವೆ ಕೇಳುವ ಹೆಡ್ಡೂ ಸುಮಾರು 58 ಮೀಟರೇ. ಅಲ್ಲಿಗೆ ಹೋಗಿ ನಿಲ್ಲದೆ ಅದು ಇನ್ನೆಲ್ಲಿಗೆ ಹೋಗಬೇಕು?

ಈ 10 ಲೀಟರ್ ಸಣ್ಣದಲ್ಲ. ನಿಮ್ಮ ಕೊಳವೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 1,100 ಮೀಟರ್ ಓಡುತ್ತದೆ; ಅಷ್ಟು ಹರಿವು ಒಮ್ಮೆಲೇ ಬದಲಾದರೆ ಹತ್ತಿರ ಹತ್ತಿರ 12 ಮೀಟರಿನ ಒತ್ತಡದ ಅಲೆ. ಸಿಡಿಲು ಬಡಿದು ಕರೆಂಟು ಹೋಗುವ ಮೊದಲೇ ನಿಮ್ಮ ಕಾಗದದಲ್ಲಿ ಸುಳ್ಳು ಅಲೆ ಎದ್ದಾಗಿದೆ.

94 ಎಲ್ಲಿಂದ ಬಂತು? 1480ನ್ನು 0.09ರ ವರ್ಗಮೂಲದಿಂದ ಗುಣಿಸಿ, 58ರ ಮುಕ್ಕಾಲು ಘಾತದಿಂದ ಭಾಗಿಸಿ: 21. ಸಾಮಾನ್ಯವಾಗಿ ಸಿಗುವ 25, 94, 145ರ ಪಟ್ಟಿಗಳಲ್ಲಿ ನಿಮ್ಮದು 25. ನೂರು ಪ್ರತಿಶತದ ಬಿಂದುವಿನಲ್ಲಿ ಮೂರೂ ಒಂದೇ ಆದ್ದರಿಂದ ಈ ತಪ್ಪು ಈಗ ಕಾಣುವುದಿಲ್ಲ. ಪಂಪು ನಿಧಾನವಾಗತೊಡಗಿದ ಮೇಲೆ ಕಾಣುತ್ತದೆ.

ಹಾಗಾದರೆ 100 ಸರಿಯೋ, 90 ಸರಿಯೋ? ಅದನ್ನು ಕುರ್ಚಿಯಲ್ಲಿ ಕೂತು ಹೇಳಲಾಗದು. ಗುಡ್ಡ ಹತ್ತಿ, ಟ್ಯಾಂಕಿನ ಹೊರಹರಿವಿನ ವಾಲ್ವ್ ಮುಚ್ಚಿ, ಅರ್ಧ ಗಂಟೆ ಟೇಪು ಇಳಿಬಿಟ್ಟು ನೀರು ಏರಿದ್ದನ್ನು ಅಳೆಯಿರಿ. 180 ಘನ ಮೀಟರ್ ತುಂಬಿದರೆ 100, 162 ತುಂಬಿದರೆ 90. ಮಧ್ಯಾಹ್ನ ಮಾಡಿ, ಬೆಳಗ್ಗೆ ವಾಲ್ವ್ ಮುಚ್ಚಿದರೆ ಕೊಡಪಾನ ಹಿಡಿದವರು ನಿಮ್ಮನ್ನು ಹುಡುಕಿಕೊಂಡು ಬಂದಾರು. ಸಿಕ್ಕಿದ ಅಂಕಿಯನ್ನು ಎರಡೂ ಲೆಕ್ಕಕ್ಕೆ ಕೊಡಿ.

ಜೊತೆಗೆ ಪಂಪು, ಮೋಟಾರಿನ ತಿರುಗುವ ಭಾಗಗಳ ಜಡತ್ವದ ಅಂಕಿಯನ್ನೂ ನೋಡಿ. ಕೆಲವು ಕ್ಯಾಟಲಾಗುಗಳು ಜಿಡಿ ವರ್ಗ (ತೂಕ ಗುಣಿಸು ವ್ಯಾಸದ ವರ್ಗ) ಎಂದು ಕೊಡುತ್ತವೆ. ಅದು ನಿಜವಾದ ಜಡತ್ವದ ನಾಲ್ಕು ಪಟ್ಟು. ನಾನು ಒಮ್ಮೆ ಹಾಗೆಯೇ ತುಂಬಿದ್ದೆ. ಕಾಗದದ ಪಂಪು ನಿಲ್ಲಲು ಆರಾಮವಾಗಿ ಸಮಯ ತೆಗೆದುಕೊಂಡಿತು, ಒತ್ತಡ ಇಳಿದದ್ದೂ ಸೌಮ್ಯವಾಗಿಯೇ ಕಂಡಿತು. ಕಡತ ಮೇಜು ಬಿಟ್ಟ ಮೇಲೆ ಅಡಿಟಿಪ್ಪಣಿ ಕಣ್ಣಿಗೆ ಬಿತ್ತು, ಮೆಟ್ಟಿಲಿಳಿದು ಓಡಿ ವಾಪಸು ತಂದೆ.

ಪ್ರಶ್ನೆ: ನಿಂತಿರುವ ಬದಲಿ ಪಂಪಿನಲ್ಲಿ ಹರಿವು ಮೈನಸ್ ಎಂದು ಬರುತ್ತಿದೆ. ಏಕೆ? (ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಅದರ ಮುಂದೆ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇಡುವುದನ್ನು ಮರೆತಿದ್ದೀರಿ, ಇಲ್ಲವೇ ಅದನ್ನು ತಿರುಗಿಸಿ ಇಟ್ಟಿದ್ದೀರಿ. ಓಡುವ ಪಂಪಿನ ನೀರು ನಿಂತ ಪಂಪಿನ ಮೂಲಕ ಮತ್ತೆ ಬಾವಿಗೇ ಇಳಿಯುತ್ತಿದೆ. ವಾಲ್ವ್ ಸರಿಯಾಗಿದ್ದರೆ, ಪಂಪಿನ ಹೊರದಾರಿಯೆಂದು ಯಾವ ಕೊಳವೆಯನ್ನು ತೋರಿಸಿದ್ದೀರಿ ಎಂದು ನೋಡಿ.