ಅಂಗವಿಕಲರಿಗೆ ನೆರವು ಕೊಡುವುದು ಸರ್ಕಾರದ ಕರ್ತವ್ಯವೋ, ದಯೆಯೋ?

ಕಲಬುರಗಿಯಿಂದ ಮುಂಬಯಿಗೆ ಬಂದ ತಾಯಿಯೊಬ್ಬರು ಕಿವಿ ಕೇಳದ ಮಗನ ಬಗ್ಗೆ ಹೀಗೆ ಕೇಳಿದ್ದಾರೆ. ಕರ್ತವ್ಯವೇ, ತಾಯಿ. ಕೈಮುಗಿದು ಬೇಡುವ ವಿಷಯ ಇದಲ್ಲ.

ಸಂವಿಧಾನದ 41ನೇ ವಿಧಿ ಅಂಗವೈಕಲ್ಯದಲ್ಲಿ ನೆರವು ಕೊಡಿ ಎನ್ನುತ್ತದೆ, ಆದರೆ 'ಆರ್ಥಿಕ ಶಕ್ತಿಯ ಮಿತಿಯಲ್ಲಿ' ಎಂಬ ಮಾತೂ ಅಲ್ಲಿದೆ. ಆ ಮಿತಿಯ ನೆಪದಲ್ಲಿ ಎಷ್ಟೋ ವರ್ಷ ಕಳೆದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಹಿಡಿತ ಬಿಗಿಯಾಗಿದೆ: 21 ಬಗೆಯ ವೈಕಲ್ಯಗಳಿಗೆ ಮಾನ್ಯತೆ ಸಿಕ್ಕಿತು. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗಿಂತ ಕನಿಷ್ಠ ಶೇ. 25 ಹೆಚ್ಚು ನೆರವು ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ.

ನಿಮ್ಮ ಊರಿನಲ್ಲಿ ಮಾಡಿಸಿದ ಅಂಗವೈಕಲ್ಯ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ, ಇಲ್ಲಿ ಮತ್ತೊಂದು ಬೇಕಿಲ್ಲ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಯೋಜನೆಯ ಮಾಸಾಶನಕ್ಕೆ ಮಾತ್ರ ಈ ರಾಜ್ಯದ ವಾಸದ ದಾಖಲೆ ಕೇಳುತ್ತಾರೆ. ವಲಸೆ ಬಂದ ನಮ್ಮವರು ಎಡವುವುದು ಇಲ್ಲಿಯೇ. ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಕಾಗದದ ಹಕ್ಕಿಗೂ ನೆಲದ ಮೇಲಿನ ಬದುಕಿಗೂ ಇರುವ ಅಂತರವನ್ನು ನಾನು ದಿನಾ ನೋಡುತ್ತೇನೆ. ಪೋಲಿಯೊ ಆದ ನೆರೆಮನೆಯವರು ಲೋಕಲ್ ರೈಲಿನ ಅಂಗವಿಕಲರ ಡಬ್ಬಿಗೆ ಮೊದಲು ಊರುಗೋಲು ಇಟ್ಟು, ಕಂಬಿ ಹಿಡಿದು, ಆಮೇಲೆ ಮೈ ಎಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ರೈಲು ಹೊರಟಿರುತ್ತದೆ. ನೆರವು ನಿರಾಕರಿಸಿದರೆ ಬಾಯಿಮಾತಿಗೆ ಹಿಂದಿರುಗಬೇಡಿ. ಕಾರಣ ಬರೆದುಕೊಡಲು ಕೇಳಿ, ಆ ಕಾಗದದೊಂದಿಗೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.